ಕೊಕ್ಕರೆ ಹಾಕಿಸಿದ ಅಂಗಣ

ಕೆರೆಯಂಚಿನ ಬಯಲಿನಲ್ಲಿ ಪ್ರಾಣಿಗಳು ವಾಲಿಬಾಲ್ ಅಂಗಣ ಮಾಡಲು ನಿಶ್ಚಯಿಸಿದವು. ಅದು ಯಾವ ದಿಕ್ಕಿಗಿರಬೇಕೆಂದು ಹೇಳುವ ಹೊಣೆ ಕೊಕ್ಕರೆಯದಾಯಿತು. ಬೆಳಗ್ಗೆ, ಸಂಜೆ ಮೀನು ಹಿಡಿಯುವ ಕೊಕ್ಕರೆಗೆ ಬಿಡುವಿದ್ದದ್ದು ನಡುಮಧ್ಯಾಹ್ನ ಮಾತ್ರ. ಆಗ ಬಂದು ನಾಲ್ಕು ದಿಕ್ಕಿಗೂ ಕತ್ತು ತಿರುಗಿಸಿ ನೋಡಿತು. "ಎತ್ತ ನೋಡಿದರೂ ಕಣ್ಣಿಗೆ ತೊಂದರೆಯಿಲ್ಲ. ಪೂರ್ವ ಪಶ್ಚಿಮವಾಗಿ ಗೆರೆ ಎಳೆಯಿರಿ," ಎಂದು ಅಪ್ಪಣೆ ಕೊಟ್ಟು ಹೋಯಿತು.

ಮೊದಲ ಪಂದ್ಯ ಸಂಜೆ ನಡೆಯಿತು. ಪಶ್ಚಿಮಕ್ಕೆ ಮುಖ ಮಾಡಿ ನಿಂತ ಮುಂಗುಸಿಗಳಿಗೆ ಇಳಿಬಿಸಿಲು ನೇರವಾಗಿ ಕಣ್ಣಿಗೆ ಹೊಡೆದು ಚೆಂಡೇ ಕಾಣಲಿಲ್ಲ. ಅವುಗಳ ನಾಯಕಿಯ ಮೂಗಿಗೆ ಚೆಂಡು ಬಡಿದು ರಕ್ತ ಬಂತು. ಬದಿ ಬದಲಿಸುವ ಹೊತ್ತಿಗೆ ಸೂರ್ಯ ಮುಳುಗಿದ್ದ. ಎದುರು ತಂಡದ ಕೋತಿಗಳು ಗೆದ್ದು ಕುಣಿದವು.

ನಾಯಕಿ ಕೊಕ್ಕರೆಯ ಬಳಿಗೆ ಓಡಿತು. "ಸ್ವಾಮಿ, ಅಂಗಣದ ದಿಕ್ಕು ತಪ್ಪಾಗಿದೆ. ಉತ್ತರ ದಕ್ಷಿಣಕ್ಕೆ ತಿರುಗಿಸಿ."

"ಬಂದು ಪರೀಕ್ಷಿಸುತ್ತೇನೆ."

"ಸಂಜೆ ಬನ್ನಿ."

"ಸಂಜೆ ನನಗೆ ಮೀನಿನ ಹೊತ್ತು," ಎಂದ ಕೊಕ್ಕರೆ ಮರುದಿನವೂ ಮಧ್ಯಾಹ್ನವೇ ಬಂತು. ನಾಯಕಿಯನ್ನು ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಿಸಿ, ಕೊಕ್ಕಿನಿಂದ ಚೆಂಡು ಚಿಮ್ಮಿತು. ಮುಂಗುಸಿ ಅದನ್ನು ಸಲೀಸಾಗಿ ಹೊಡೆಯಿತು.

"ಚೆಂಡು ಕಂಡಿತೋ?"

"ಕಂಡಿತು."

"ಅಂಗಣ ಅದೇ, ದಿಕ್ಕು ಅದೇ, ಚೆಂಡೂ ಅದೇ. ಹಾಗಾದರೆ ನಿನ್ನೆ ಕಾಣದಿದ್ದದ್ದು ಯಾರ ತಪ್ಪು?"

ಮುಂಗುಸಿ ಆಕಾಶ ನೋಡಿತು, ಗೆರೆಗಳನ್ನು ನೋಡಿತು, ಊದಿದ ಮೂಗನ್ನು ಮುಟ್ಟಿಕೊಂಡಿತು. ಕೊನೆಗೆ, ಕಣ್ಣಿನ ವೈದ್ಯರ ಮನೆ ಎಲ್ಲಿದೆ ಎಂದು ಕೊಕ್ಕರೆಯನ್ನೇ ಕೇಳಿತು.