ಮುತ್ತುಗದ ಕೆರೆಯ ಮೂರು ಸುದ್ದಿಗಾರರು

ಮುತ್ತುಗದ ಕೆರೆ ಅಂದರೆ, ಮಕ್ಕಳೇ, ಕಾಡಿನಂಚಿನ ಪುಟ್ಟ ಕೆರೆ. ಚಳಿಗಾಲ ಮುಗಿದು ಬಿಸಿಲು ಏರಿದಂತೆ ಅದರ ನೀರೆಲ್ಲ ತೂಬಿನ ಹತ್ತಿರದ ಒಂದು ಗುಂಡಿಗೆ ಸರಿದುಬಿಡುತ್ತದೆ. ಉಳಿದ ಕೆರೆಯಂಗಳದ ತುಂಬ ಎಳೆ ಹುಲ್ಲು ಏಳುತ್ತದೆ. ಆ ಹುಲ್ಲು ಕಂಡು ಯಾರ ಬಾಯಲ್ಲಿ ನೀರೂರುವುದಿಲ್ಲ ಹೇಳಿ! ಆದರೆ ಒಂದು ಜೋರು ಮಳೆ ಬಿತ್ತೋ, ಅಷ್ಟೂ ಅಂಗಳ ಒಂದೇ ಸಂಜೆಯಲ್ಲಿ ಮುಳುಗಿಹೋಗುತ್ತದೆ.

ಅದಕ್ಕೇ ಅಲ್ಲಿನವರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ಯುಗಾದಿಯ ಮರುದಿನ ಎಲ್ಲರೂ ತೂಬಿನ ಕಲ್ಲಿನ ಸುತ್ತ ಸೇರಬೇಕು. ನೆಲದ ಸುದ್ದಿಯನ್ನು ಇರುವೆಕ್ಕ, ಗಾಳಿಯ ಸುದ್ದಿಯನ್ನು ಅಂಬರಗುಬ್ಬಿ, ಕೆರೆಯ ಸುದ್ದಿಯನ್ನು ಏಡಿರಾಯ ಹೇಳಬೇಕು. ವಸಂತದಲ್ಲಿ ಮಳೆಯೋ ಬಿಸಿಲೋ ಎಂದು ತಿಳಿದ ಮೇಲೆಯೇ ಉಳಿದವರು ಮನೆ ಮಾಡುವ ಜಾಗ ಹುಡುಕುತ್ತಿದ್ದರು.

ಏಡಿರಾಯನ ಕೆಲಸವೇನೂ ಸುಲಭದ್ದಲ್ಲ. ದಿನಾ ಬೆಳಗ್ಗೆ ಗುಂಡಿಯ ತಳಕ್ಕೆ ಇಳಿದು ಕೆಸರು ಮುಟ್ಟಿ ನೋಡಬೇಕು, ಮೀನುಗಳನ್ನು ಮಾತಾಡಿಸಬೇಕು. ಆ ವರ್ಷ ಅವನಿಗೆ ಅದೇಕೋ ಮೈಭಾರ. ಬಿಲದ ಬಾಗಿಲಲ್ಲಿ ಎಳೆಬಿಸಿಲು ಬೇರೆ ಹಿತವಾಗಿತ್ತು. "ನಾಳೆ ಇಳಿದರಾಯ್ತು ಬಿಡು" ಅನ್ನುತ್ತಾ ಯುಗಾದಿಯ ತನಕ ಕಾಲ ತಳ್ಳಿದ.

ಹಬ್ಬದ ದಿನ ನೋಡುತ್ತಾನೆ, ಇರುವೆಗಳ ಸಾಲು ಮೊಟ್ಟೆ ಹೊತ್ತುಕೊಂಡು ಏರಿಯ ಮೇಲಿಂದ ಕೆರೆಯಂಗಳಕ್ಕೆ ಇಳಿಯುತ್ತಿದೆ!

"ಓಹೋ! ಇರುವೆಗಳೇ ಕೆಳಗಿಳಿದ ಮೇಲೆ ಮಳೆ ಎಲ್ಲಿಂದ ಬಂತು? ನಾನು ಕೆಸರು ಮುಟ್ಟುವ ಕಷ್ಟ ತಪ್ಪಿತು" ಎಂದುಕೊಂಡು ಏಡಿರಾಯ ಇನ್ನೊಂದು ನಿದ್ದೆ ತೆಗೆದ.

ಮರುದಿನ ಸಭೆಯಲ್ಲಿ ಇರುವೆಕ್ಕ ಹೇಳಿದಳು, "ನೆಲ ಒಣಗಿದೆ, ಮಳೆಯಿಲ್ಲ." ಅಂಬರಗುಬ್ಬಿ ಹೇಳಿದ, "ಆಕಾಶ ತಿಳಿಯಾಗಿದೆ, ಮಳೆಯಿಲ್ಲ." ಏಡಿರಾಯ ಗಂಟಲು ಸರಿಮಾಡಿಕೊಂಡು ಹೇಳಿದ, "ಕೆರೆಯ ಮಾತೂ ಅದೇ. ಮಳೆಯಿಲ್ಲ!"

ಮೂವರದೂ ಒಂದೇ ಮಾತು! ಇಂಥ ಸುದ್ದಿ ಯಾವ ವರ್ಷವೂ ಬಂದಿರಲಿಲ್ಲ. ಎಲ್ಲರಿಗೂ ಖುಷಿಯೋ ಖುಷಿ.

ತುಂಬಿದ ಬಸುರಿಯಾಗಿದ್ದ ಮೊಲವ್ವ ಮಾತ್ರ ಏಡಿರಾಯನ ಹತ್ತಿರ ಬಂದು ಕೇಳಿದಳು, "ಏಡಿಯಣ್ಣಾ, ನನಗಿದು ಚೊಚ್ಚಲು. ಅಂಗಳದ ಹುಲ್ಲಲ್ಲಿ ಮರಿ ಹಾಕಬಹುದಾ? ಕೆರೆ ವಿಷಯ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಏಡಿರಾಯ ಉಬ್ಬಿಹೋದ. "ಧಾರಾಳವಾಗಿ ಹಾಕವ್ವ! ನಾನಿದ್ದೀನಲ್ಲ!"

ಮೊಲವ್ವ ಅಂಗಳದ ನಟ್ಟನಡುವೆ ಹುಲ್ಲು ಹಾಸಿ ಮೂರು ಮರಿ ಹಾಕಿದಳು.

ಅದಾಗಿ ನಾಲ್ಕನೆಯ ದಿನ. ಬೆಳಗಿನಿಂದಲೇ ವಿಪರೀತ ಸೆಕೆ. ಒಂದು ಎಲೆಯೂ ಅಲುಗುತ್ತಿಲ್ಲ. ಏಡಿರಾಯನಿಗೆ ಯಾಕೋ ಕಸಿವಿಸಿ. ಬಿಸಿಲಲ್ಲಿ ಕೂರಲಾರ, ಬಿಲದಲ್ಲಿ ಮಲಗಲಾರ. ಧೈರ್ಯ ಹೇಳಿಸಿಕೊಳ್ಳಲು ಇರುವೆಕ್ಕನ ಮನೆಗೆ ಹೋದ. ಅಂಬರಗುಬ್ಬಿಯೂ ಅಲ್ಲೇ ಕೂತಿದ್ದ.

"ಮಳೆ ಬರಲ್ಲ ತಾನೇ ಇರುವೆಕ್ಕ? ನೀನು ಮೊಟ್ಟೆ ಕೆಳಗಿಳಿಸೋದು ನೋಡಿಯೇ ನಾನು ಮಳೆಯಿಲ್ಲ ಅಂದಿದ್ದು."

ಇರುವೆಕ್ಕ ಹೊತ್ತಿದ್ದ ಕಾಳನ್ನು ಕೆಳಗಿಟ್ಟಳು. "ನನ್ನನ್ನು ನೋಡಿಯಾ? ಅಯ್ಯೋ! ಅಂಬರಗುಬ್ಬಿ ಮೋಡ ನೋಡೋಕೆ ಗುಡ್ಡದ ಕಡೆ ಹೋಗದೆ ಕೊಂಬೆ ಮೇಲೇ ಕೂತಿದ್ದ. ಮಳೆಯಿಲ್ಲ ಅಂತ ತಿಳಿದೇ ಕೂತಿದ್ದಾನೆ ಅಂದ್ಕೊಂಡು ನಾನು ಕೆಳಗಿಳಿದೆ."

ಅಂಬರಗುಬ್ಬಿ ರೆಕ್ಕೆಯಲ್ಲಿ ಮುಖ ಮುಚ್ಚಿಕೊಂಡ. "ಏಡಿಯಣ್ಣ ಬಿಲ ಬಿಟ್ಟು ಅಲ್ಲಾಡದೆ ಆರಾಮಾಗಿದ್ದ. ಕೆರೆ ತುಂಬೋ ಹಾಗಿದ್ರೆ ಹೀಗೆ ಕೂರ್ತಿದ್ನಾ ಅಂತ ನಾನೂ..."

ಓತಿಕೇತಕ್ಕೆ ಬೇಲಿಗೂಟ ಸಾಕ್ಷಿ ಅನ್ನುತ್ತಾರಲ್ಲ, ಹಾಗಾಗಿತ್ತು ಇವರ ಕತೆ! ಮೂವರೂ ಒಂದೇ ಮಾತು ಹೇಳಿದ್ದು ನಿಜ. ಆದರೆ ಒಬ್ಬರಾದರೂ ನೋಡಿ ಹೇಳಿರಲಿಲ್ಲ.

"ಸುಮ್ಮನಿದ್ದುಬಿಡೋಣ" ಎಂದಳು ಇರುವೆಕ್ಕ ಮೆಲ್ಲಗೆ. "ಮಳೆ ಬರದೆ ಇದ್ದರೂ ಇರಬಹುದು. ಈಗ ಹೇಳಿದರೆ ನಮ್ಮ ಮಾನ ಹೋಗುತ್ತೆ."

ಏಡಿರಾಯನಿಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಇಷ್ಟು ವರ್ಷ ಕಾಪಾಡಿಕೊಂಡ ಹೆಸರು, ಒಂದೇ ದಿನಕ್ಕೆ ಮಣ್ಣುಪಾಲು! ಅಷ್ಟರಲ್ಲಿ ಅತ್ತ ಹುಲ್ಲಿನಲ್ಲಿ ಮರಿಗಳಿಗೆ ಹಾಲೂಡುತ್ತಿದ್ದ ಮೊಲವ್ವ ಕಂಡಳು. ಇವನನ್ನು ನೋಡಿ ನಕ್ಕಳು. ಏಡಿರಾಯ ಇರುವೆಕ್ಕನ ಕಡೆ ತಿರುಗಿದ.

"ಮಾನ ಆಮೇಲೆ ನೋಡ್ಕೊಳ್ಳೋಣ. ನಡೀರಿ, ಮೊದಲು ನಮ್ಮ ನಮ್ಮ ಕೆಲಸ ಮಾಡೋಣ. ಯಾರೂ ಯಾರ ಮುಖಾನೂ ನೋಡಬೇಡಿ!" ಎಂದವನೇ ಗುಂಡಿಗೆ ಇಳಿದ.

ತಳದ ಕೆಸರು ಬೆಚ್ಚಗಿತ್ತು, ಗುಳ್ಳೆ ಗುಳ್ಳೆ ಏಳುತ್ತಿತ್ತು. ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಎಲ್ಲ ಜೋರು ಮಳೆಯ ಗುರುತೇ! ಏಡಿರಾಯ ದಡಬಡಿಸಿ ಮೇಲೆ ಬಂದ. ಇರುವೆಕ್ಕನೂ ತನ್ನ ಗೂಡಿನ ಆಳಕ್ಕೆ ಹೋಗಿ ಬಂದಿದ್ದಳು. "ಗೋಡೆಯೆಲ್ಲ ಬೆವೆತಿದೆ, ಕಾಳು ಮೆತ್ತಗಾಗಿದೆ!" ಅಂಬರಗುಬ್ಬಿ ಗುಡ್ಡದಾಚೆಯಿಂದ ಏದುಸಿರು ಬಿಡುತ್ತಾ ಬಂದ. "ಮೋಡ! ಕಪ್ಪು ಮೋಡ! ಸಂಜೆಯೊಳಗೆ ಇಲ್ಲಿರುತ್ತೆ!"

ಏಡಿರಾಯ ತೂಬಿನ ಕಲ್ಲು ಹತ್ತಿ ಕೂಗಿದ, "ಕೇಳ್ರಪ್ಪೋ! ನಾನು ಕೆರೆಗೆ ಇಳಿಯದೆಯೇ ಸುದ್ದಿ ಹೇಳಿದ್ದೆ. ಅದು ಸುಳ್ಳು, ತಪ್ಪು ನನ್ನದು. ಜೋರು ಮಳೆ ಬರ್ತಿದೆ. ಎಲ್ಲರೂ ಏರಿ ಹತ್ತಿ!"

"ನಿನ್ನ ನಾಲಿಗೆಗಿಷ್ಟು! ನಿನ್ನ ಮಾತು ನಂಬಿ ಮರಿ ಹಾಕಿದೆನಲ್ಲೋ!" ಎಂದು ಬೈಯುತ್ತಲೇ ಮೊಲವ್ವ ಮೊದಲ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಓಡಿದಳು. ಬೈಯಲಿ ಬಿಡಿ, ಅವಳ ಜಾಗದಲ್ಲಿ ಯಾರಿದ್ದರೂ ಬೈಯುತ್ತಿದ್ದರು. ಇರುವೆಗಳು ಮೊಟ್ಟೆ ಹೊತ್ತು ಏರಿಗೆ ಸಾಲು ಹಿಡಿದವು.

ಮೊಲವ್ವ ಎರಡನೆಯ ಮರಿಯನ್ನು ಒಯ್ಯುವಾಗ ಹನಿ ಬಿತ್ತು. ನೋಡನೋಡುತ್ತಲೇ ಮೇಲಿನ ಹಳ್ಳದಿಂದ ಕೆಂಪು ನೀರು ನುಗ್ಗಿತು. ಮೂರನೆಯ ಮರಿ ಗುಡುಗಿಗೆ ಹೆದರಿ ಹುಲ್ಲಿನಲ್ಲಿ ಮುದುಡಿಕೊಂಡಿತ್ತು.

"ಓಡು ಮರಿ, ಅಮ್ಮ ಅಲ್ಲಿದ್ದಾಳೆ!" ಎಂದ, ಕಲ್ಲಿಳಿದು ಅದರ ಹತ್ತಿರ ಓಡಿ ಬಂದ ಏಡಿರಾಯ. ಮರಿ ಅಲ್ಲಾಡಲಿಲ್ಲ. ಪುಸಲಾಯಿಸಿದ, ಗದರಿದ. ಊಹೂಂ. ನೀರು ಅದರ ಪಾದ ಮುಟ್ಟಿತು. ಏಡಿಗೆ ಎತ್ತಿಕೊಂಡು ಹೋಗಲು ಬರುತ್ತದೆಯೇ? ಚಿವುಟಲು ಬರುತ್ತದೆ! ಪುಟ್ಟ ಬಾಲದ ಪಕ್ಕ ಒಂದು ಸರಿಯಾದ ಚಿವುಟು ಕೊಟ್ಟ. ಮರಿ "ಕೀಂ!" ಎಂದು ಚಂಗನೆ ಹಾರಿತು, ಇನ್ನೊಮ್ಮೆ ಹಾರಿತು, ಮೂರನೆಯ ಹಾರಿಕೆಗೆ ಎದುರು ಬಂದ ಅಮ್ಮನ ಕೊರಳಿಗೇ ಬಿತ್ತು.

ಆ ಮಳೆಗೆ ಮುತ್ತುಗದ ಕೆರೆ ಅರ್ಧ ತುಂಬಿತು. ಭರಣಿ ಮಳೆಯೂ ಕೈ ಬಿಡಲಿಲ್ಲ. ಏರಿಯ ಮೇಲೂ ಹುಲ್ಲು ಚಿಗುರಿತು, ಮೂರು ಮರಿಗಳೂ ಅದನ್ನು ಮೇಯುತ್ತಾ ಗುಂಡುಗುಂಡಗೆ ಬೆಳೆದವು. ಏಡಿರಾಯನ ಜೊತೆ ಮಾತ್ರ ಮೊಲವ್ವ ಬಹಳ ದಿನ ಮಾತಾಡಲಿಲ್ಲ.

ಮರುವರ್ಷ ಯುಗಾದಿ ಹತ್ತಿರ ಬಂತು. ಒಂದು ಬೆಳಗ್ಗೆ ಮೊಲವ್ವ ತಾನಾಗಿಯೇ ಬಂದು ಕೇಳಿದಳು, "ಈ ಸಲ ಕೆರೆ ಏನನ್ನುತ್ತೆ ಏಡಿಯಣ್ಣಾ?"

ಏಡಿರಾಯ ಮೈತುಂಬ ಕೆಸರು ಮೆತ್ತಿಕೊಂಡು ನಿಂತಿದ್ದ. "ಇನ್ನೂ ಗೊತ್ತಿಲ್ಲ ಕಣವ್ವ" ಎಂದ.

ಮೊಲವ್ವ ಅವನನ್ನು ಮೇಲಿಂದ ಕೆಳಗೆ ನೋಡಿ, ಪಕ್ಕದಲ್ಲೇ ಕೂತುಕೊಂಡಳು. "ನಿಧಾನವಾಗಿ ನೋಡಿ ಹೇಳು. ನಾನು ಕಾಯ್ತೀನಿ."

ನೀತಿ: ಒಬ್ಬರನ್ನೊಬ್ಬರು ನೋಡಿ ಹೇಳಿದ ಮೂರು ಮಾತಿಗಿಂತ, ತಾನೇ ಇಳಿದು ನೋಡಿ ಹೇಳಿದ ಒಂದು ಮಾತು ಮೇಲು.