ಹಾರ್ಮೋನಿಯಂಗೆ ಬಿದ್ದ ವನ್ಸ್ ಮೋರ್

ಆಟ ಮುಗಿದರೂ ಏಳದ ಜನರನ್ನು ಮನೆಗೆ ಕಳಿಸಲೆಂದು ನಾಟಕ ಕಂಪನಿಯ ಯಜಮಾನ ರುದ್ರಗೌಡರು ಬಯೋಸ್ಕೋಪು ತಂದು, ಇನ್ನು ಏನೂ ಇಲ್ಲ ಎಂಬ ಗುರುತಾಗಿ ಕೊನೆಗೆ ಎರಡು ನಿಮಿಷದ ರೈಲಿನ ಚಿತ್ರ ತೋರಿಸತೊಡಗಿದರು.

"ನನಗೆ ವನ್ಸ್ ಮೋರ್ ಬೀಳುತ್ತದೆ. ನೀನು ಬರೀ ರೈಲು ಬಿಡುವವನು," ಎಂದಿತು ಹಾರ್ಮೋನಿಯಂ.

"ಹೌದು ಸ್ವಾಮಿ, ನನಗೆ ಗೊತ್ತಿರುವುದು ಅದೊಂದೇ," ಎಂದಿತು ಬಯೋಸ್ಕೋಪು.

ಆ ಶನಿವಾರ ರೈಲು ಪರದೆ ದಾಟಿದ್ದೇ ತಡ, ಇಡೀ ಸಭೆ "ವನ್ಸ್ ಮೋರ್" ಎಂದು ಕೂಗಿತು. ತನಗೇ ಎಂದುಕೊಂಡ ಹಾರ್ಮೋನಿಯಂ ತಿದಿ ಉಬ್ಬಿಸಿಕೊಂಡು ಮಂಗಳದ ಹಾಡನ್ನು ಮತ್ತೊಮ್ಮೆ ನುಡಿಸಿತು. ಜನ ಗೊಣಗುತ್ತಾ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಯಜಮಾನರು ಅದನ್ನು ನೋಡಿದರು. ಮರುದಿನದಿಂದ ರೈಲು ಆಟದ ನಡುವೆ ಬಂತು, ಜನರನ್ನು ಎಬ್ಬಿಸುವ ಕೆಲಸ ಹಾರ್ಮೋನಿಯಂಗೆ ಸಿಕ್ಕಿತು.

"ನಾನು ನುಡಿದರೆ ಸಭೆಗೆ ಸಭೆಯೇ ಎದ್ದು ನಿಲ್ಲುತ್ತದೆ," ಎಂದು ಅದು ಇಂದಿಗೂ ರೈಲು ಬಿಡುತ್ತಿದೆ.