ಮಂಜರಿ ಟಾಕೀಸಿನ ತಲೆಕೆಳಗಾದ ಬೀದಿ

ಹತ್ತಿ ಗಿರಣಿಗಳ ಊರೊಂದರಲ್ಲಿ, ಮಾರುಕಟ್ಟೆ ರಸ್ತೆಗೆ ಮೈ ತಾಗಿಸಿಕೊಂಡು ಮಂಜರಿ ಟಾಕೀಸ್ ಎಂಬ ಹಳೆಯ ಚಿತ್ರಮಂದಿರವಿತ್ತು. ಅಲ್ಲಿ ಆಟ ನಿಂತು ವರ್ಷಗಳೇ ಆಗಿದ್ದವು. ಪರದೆ ಹರಿದಿತ್ತು. ಕುರ್ಚಿಗಳ ಹೊಟ್ಟೆಯಿಂದ ನಾರು ಹೊರಗೆ ಬಂದಿತ್ತು. ಬಾಲ್ಕನಿಯನ್ನು ಬಾವಲಿಗಳು ಟಿಕೆಟ್ ಇಲ್ಲದೆ ಹಿಡಿದುಕೊಂಡಿದ್ದವು. ನಗರಸಭೆಯವರು ಅದನ್ನು ಕೆಡವಿ ಗಾಡಿ ನಿಲ್ಲಿಸುವ ಜಾಗ ಮಾಡಲು ಹೊರಟಿದ್ದರು.

ಅದೇ ಊರಿನ ಆರ್ಕಿಟೆಕ್ಚರ್ ಕಾಲೇಜಿನಲ್ಲಿ ನಿಜಗುಣ ಮೇಷ್ಟ್ರು ಕಟ್ಟಡ ವಿನ್ಯಾಸ ಕಲಿಸುತ್ತಿದ್ದರು. ಅವರು ನಗರಸಭೆಯ ಎಂಜಿನಿಯರ್ ಪರಮೇಶಪ್ಪನವರನ್ನು ಕಂಡು, "ಕೆಡವೋ ಮೊದಲು ನಮ್ಮ ಹುಡುಗರಿಗೆ ಒಂದು ಅವಕಾಶ ಕೊಡಿ. ಈ ಹಳೇ ಕಟ್ಟಡದಲ್ಲೇ ಏನು ಮಾಡಬಹುದು ಅಂತ ಅವರು ತೋರಿಸ್ತಾರೆ" ಎಂದರು.

ಪರಮೇಶಪ್ಪ ಕೆಟ್ಟ ಮನುಷ್ಯನಲ್ಲ, ಆದರೆ ಅವಸರದ ಮನುಷ್ಯ. "ಶನಿವಾರ ಮಧ್ಯಾಹ್ನ ಬರ್ತೀನಿ ಮೇಷ್ಟ್ರೇ. ಉಳಿಸಿಕೊಳ್ಳೋಕೆ ಒಂದೇ ಒಂದು ಕಾರಣ ತೋರಿಸಿ ಸಾಕು. ಇಲ್ಲಾಂದ್ರೆ ಸೋಮವಾರ ಜೆಸಿಬಿ ಬರುತ್ತೆ" ಎಂದರು.

ಮೇಷ್ಟ್ರದು ಒಂದು ವಿಚಿತ್ರ ಕಟ್ಟಳೆ ಇತ್ತು. ಯಾವ ಜಾಗದ ಮೇಲೆ ಗೆರೆ ಎಳೆಯಬೇಕೋ ಆ ಜಾಗದಲ್ಲಿ ಮೊದಲು ಒಂದು ಮಧ್ಯಾಹ್ನ ಬರಿಗೈಯಲ್ಲಿ ಕೂತು ಬರಬೇಕು. ಟೇಪು ಬೇಡ, ಪೆನ್ಸಿಲ್ ಬೇಡ, ಮೊಬೈಲ್ ಬೇಡ. ವಿದ್ಯಾರ್ಥಿಗಳು "ಆಯ್ತು ಸಾರ್" ಎಂದು ಭಕ್ತಿಯಿಂದ ತಲೆ ಅಲ್ಲಾಡಿಸುತ್ತಿದ್ದರು, ಆಮೇಲೆ ತಮಗೆ ತಿಳಿದದ್ದನ್ನೇ ಮಾಡುತ್ತಿದ್ದರು. ಈ ಸಲವೂ ಅಷ್ಟೇ. ಎಲ್ಲರೂ ಗುಂಪು ಕಟ್ಟಿಕೊಂಡು ಟಾಕೀಸಿಗೆ ನುಗ್ಗಿದರು. ದೊಡ್ಡ ದೊಡ್ಡ ಟಾರ್ಚು ಹಾಕಿದರು, ಬಾಗಿಲು ತೆರೆದಿಟ್ಟರು, ಗೋಡೆ ಅಳೆದರು, ಫೋಟೋ ಹೊಡೆದರು, ಬಾವಲಿಗಳಿಗೆ ಹೆದರಿ ಕಿರುಚಿದರು. ಟೀ ಹೊತ್ತಿಗೆಲ್ಲ ಹಾಸ್ಟೆಲಿನಲ್ಲಿದ್ದರು.

ಅವರಲ್ಲಿ ಗಂಗಾಂಬಿಕೆ ಎಂಬ ಹುಡುಗಿಯ ಕೈ ಬಲು ಚುರುಕು. ಗೆಳೆಯರು ಅವಳನ್ನು ಗಂಗಿ ಎನ್ನುತ್ತಿದ್ದರು. "ಕತ್ತಲೇನೇ ಈ ಕಟ್ಟಡಕ್ಕಿರೋ ರೋಗ" ಎಂದು ಅವಳು ತೀರ್ಮಾನಿಸಿದಳು. ರಸ್ತೆ ಬದಿಯ ಗೋಡೆಯನ್ನು ಪೂರ್ತಿ ತೆಗೆದು ನೆಲದಿಂದ ಮಾಡಿನವರೆಗೆ ಗಾಜು ಹಾಕುವುದು, ಒಳಗೆ ಅಂಗಡಿ, ಕಾಫಿ, ಮೆಟ್ಟಿಲು ಮೆಟ್ಟಿಲಾಗಿ ಗಿಡಗಳು. ಬಿಳಿ ರಟ್ಟಿನಲ್ಲಿ ಅವಳು ಮಾಡಿದ ಮಾದರಿ ಎಷ್ಟು ಚೆಂದವಿತ್ತೆಂದರೆ ಬೇರೆ ತರಗತಿಯವರೂ ಬಂದು ನೋಡಿ ಹೋದರು.

ಮೇಷ್ಟ್ರು ಮಾದರಿಯ ಸುತ್ತ ನಿಧಾನವಾಗಿ ಸುತ್ತಿದರು. "ಚೆನ್ನಾಗಿದೆ. ಅಲ್ಲಿ ಕೂತಿದ್ಯಾ?" ಎಂದರು.

"ಪ್ರತಿ ಮೂಲೇನೂ ಅಳತೆ ಮಾಡಿದೀನಿ ಸಾರ್."

"ಅಳತೆ ಕೇಳಲಿಲ್ಲವಮ್ಮ, ಕೂತಿದ್ಯಾ ಅಂತ ಕೇಳ್ದೆ."

ಗಂಗಿಗೆ ಉರಿದುಹೋಯಿತು. ಇಷ್ಟು ಕಷ್ಟಪಟ್ಟರೂ ಈ ಮನುಷ್ಯನಿಗೆ ಕೂರುವುದೇ ದೊಡ್ಡದಾಯಿತಲ್ಲ! ಅವರ ಬಾಯಿ ಮುಚ್ಚಿಸಬೇಕೆಂದೇ ಶುಕ್ರವಾರ ಮಧ್ಯಾಹ್ನ ಟಾಕೀಸಿಗೆ ಹೊರಟಳು. ಮೇಷ್ಟ್ರೂ ಜೊತೆಗೆ ಬಂದರು. ಬಾಗಿಲಲ್ಲಿ ಅವಳ ಟಾರ್ಚು, ಮೊಬೈಲು ಎರಡನ್ನೂ ಇಸಿದುಕೊಂಡು, ಅವಳನ್ನು ಒಳಗೆ ಬಿಟ್ಟು, ಬಾಗಿಲು ಮುಚ್ಚಿ, ತಾವು ಹೊರಗಿನ ಮೆಟ್ಟಿಲ ಮೇಲೆ ಕೂತರು.

ಒಳಗೆ ಗವ್ವೆನ್ನುವ ಕತ್ತಲು. ಗಂಗಿ ತಡವರಿಸುತ್ತಾ ಹೋಗಿ ಒಂದು ಕುರ್ಚಿ ಹಿಡಿದಳು. ಸೊಳ್ಳೆ ಹೊಡೆದಳು. ಮೇಷ್ಟ್ರನ್ನು ಮನಸ್ಸಿನಲ್ಲೇ ಬೈದಳು. ಬೈಯುವುದೂ ಮುಗಿದ ಮೇಲೆ ಮಾಡಲು ಏನೂ ಉಳಿಯದೆ ಸುಮ್ಮನೆ ಕೂತಳು.

ಎಷ್ಟೋ ಹೊತ್ತಾಯಿತು. ಕಣ್ಣು ಕತ್ತಲಿಗೆ ಒಗ್ಗಿತು. ಆಗ, ಎದುರಿನ ಪರದೆಯ ಮೇಲಲ್ಲ, ಎಡಗಡೆಯ ಸುಣ್ಣದ ಗೋಡೆಯ ಮೇಲೆ ಏನೋ ಸರಿದಂತಾಯಿತು. ಕಣ್ಣುಜ್ಜಿಕೊಂಡು ನೋಡಿದಳು. ಮತ್ತೆ ಸರಿಯಿತು. ಹಳದಿ ಬಣ್ಣದ ಒಂದು ಆಟೋ, ಚಕ್ರ ಮೇಲೆ ಮಾಡಿಕೊಂಡು, ಮಾಡಿನ ಹತ್ತಿರ ತಣ್ಣಗೆ ಹೋಗುತ್ತಿತ್ತು!

ಅದರ ಹಿಂದೆ ಒಂದು ಸೈಕಲ್ಲು. ಅದರ ಹಿಂದೆ ಕೊಡೆ ಹಿಡಿದ ಹೆಂಗಸು, ತಲೆ ಕೆಳಗೆ, ಕಾಲು ಮೇಲೆ. ಕೆಳಗೆ ನೆಲದ ಹತ್ತಿರ ನೀಲಿ ಆಕಾಶ ಹಾಸಿಕೊಂಡಿತ್ತು, ಅದರಲ್ಲಿ ಒಂದು ಹದ್ದು ತೇಲುತ್ತಿತ್ತು. ಇಡೀ ಮಾರುಕಟ್ಟೆ ರಸ್ತೆ, ಬಣ್ಣದ ಸಮೇತ, ಸದ್ದಿಲ್ಲದೆ, ತಲೆಕೆಳಗಾಗಿ ಆ ಗೋಡೆಯ ಮೇಲೆ ಬದುಕುತ್ತಿತ್ತು. ದಿನಾ ಅವಳು ಮಲ್ಲಿಗೆ ಕೊಳ್ಳುವ ಹೂವಿನ ಅಜ್ಜಿಯೂ ಅಲ್ಲಿದ್ದಳು. ಅವಳ ಬೆರಳು ಓಡುವುದು ಕಾಣುತ್ತಿತ್ತು, ಕಟ್ಟಿದ ಮಾಲೆ ಮೇಲಕ್ಕೆ ಬೆಳೆಯುತ್ತಾ ಹೋಗುತ್ತಿತ್ತು.

ಗಂಗಿಗೆ ಮೈ ಜುಮ್ಮೆಂದಿತು. ನಗು ಬಂತು, ಕಣ್ಣಲ್ಲಿ ನೀರೂ ಬಂತು. ಹಿಂದಿರುಗಿ ನೋಡಿದರೆ ರಸ್ತೆ ಬದಿಯ ಗೋಡೆಯಲ್ಲಿ, ಎತ್ತರದಲ್ಲಿ, ಹಳೆಯ ಫ್ಯಾನಿನ ಕಿಂಡಿಗೆ ಯಾರೋ ತಗಡು ಹೊಡೆದಿದ್ದರು. ಆ ತಗಡಿನ ಒಂದು ಬೋಲ್ಟು ಉದುರಿಹೋಗಿ ನಾಣ್ಯದಷ್ಟು ತೂತು ಉಳಿದಿತ್ತು. ಅಷ್ಟರಲ್ಲೇ ಇಡೀ ಬೀದಿ ಒಳಗೆ ಬಂದಿತ್ತು. ಮಕ್ಕಳೇ, ಕತ್ತಲೆ ಕೋಣೆಗೆ ಒಂದೇ ತೂತಿನಿಂದ ಬೆಳಕು ಬಂದರೆ ಹೊರಗಿನ ಚಿತ್ರ ತಲೆಕೆಳಗಾಗಿ ಮೂಡುತ್ತದೆಂದು ನೀವು ವಿಜ್ಞಾನದ ಪಾಠದಲ್ಲಿ ಓದಿರುತ್ತೀರಿ. ಗಂಗಿಯೂ ಓದಿದ್ದಳು, ಪೂರ್ತಿ ಅಂಕವನ್ನೂ ಪಡೆದಿದ್ದಳು. ಆದರೆ ಓದುವುದೇ ಬೇರೆ, ಅದರೊಳಗೆ ಕೂರುವುದೇ ಬೇರೆ ಎಂದು ಅವಳಿಗೆ ಗೊತ್ತಾದದ್ದು ಆವತ್ತು.

ಮರುಕ್ಷಣವೇ ಅವಳಿಗೆ ಇನ್ನೊಂದು ವಿಷಯ ಹೊಳೆಯಿತು. ತನ್ನ ಮಾದರಿಯಲ್ಲಿ ಮೊದಲು ಒಡೆದು ಗಾಜು ಹಾಕಿದ್ದು ಇದೇ ಗೋಡೆಗೆ.

ಹೊರಗೆ ಬಂದು ಮೇಷ್ಟ್ರಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವರು ಆಶ್ಚರ್ಯದಿಂದ ಬಾಗಿಲ ಕಡೆ ನೋಡಿದರು. ಅಷ್ಟರಲ್ಲಿ ಬಿಸಿಲು ಇಳಿದಿತ್ತು. "ನಂಗೂ ಗೊತ್ತಿರಲಿಲ್ಲ ಕಣಮ್ಮ. ನಾಳೆ ನೋಡ್ತೀನಿ" ಎಂದರು. ಮಾದರಿಯನ್ನು ಏನು ಮಾಡಲಿ ಎಂದು ಕೇಳಿದ್ದಕ್ಕೆ, "ಗೆರೆ ನಿಂದು, ಕೈಯೂ ನಿಂದು" ಎಂದು ಅವಳ ಟಾರ್ಚು, ಮೊಬೈಲು ವಾಪಸು ಕೊಟ್ಟರು.

ನಾಳೆ ಆ ಕತ್ತಲನ್ನೇ ತೋರಿಸಿದರೇನು ಎಂದು ಅವಳು ಅಂದಾಗ ಗೆಳೆಯ ಫೈರೋಜ್ ಬುದ್ಧಿ ಹೇಳಿದ. "ಹುಚ್ಚು ಹಿಡೀತಾ ಗಂಗಿ? ಗಾಜಿನ ಮಾದರಿ ನೋಡಿದ್ರೆ ಸಾಕು, ಎಂಜಿನಿಯರ್ರು ಒಪ್ಪಿಬಿಡ್ತಾರೆ. ಕಟ್ಟಡನಾದ್ರೂ ಉಳಿಯುತ್ತೆ. ಅದನ್ನ ಬಿಟ್ಟು ಕತ್ತಲೆ ತೋರಿಸ್ತೀನಿ ಅಂದ್ರೆ ಕಟ್ಟಡಾನೂ ಹೋಗುತ್ತೆ, ನೀನೂ ಫೇಲಾಗ್ತೀಯ."

ಅವನು ಹೇಳಿದ್ದು ಸುಳ್ಳಲ್ಲ. ಗಂಗಿ ತನ್ನ ಮಾದರಿಯನ್ನು ಬಹಳ ಹೊತ್ತು ನೋಡಿದಳು. ಅದನ್ನು ಅವಳು ಪ್ರೀತಿಸುತ್ತಿದ್ದಳು. ಕೊನೆಗೆ ಅದರ ಮೇಲೊಂದು ಬಟ್ಟೆ ಹೊದಿಸಿ, ಹೊಸ ಹಾಳೆ ತೆಗೆದುಕೊಂಡಳು. ಕೈ ರೂಢಿಯಂತೆ ಮೊದಲು ಗಾಜಿನ ಗೆರೆಯನ್ನೇ ಎಳೆಯಿತು.

ಶನಿವಾರ ಪರಮೇಶಪ್ಪ ಬಂದರು. "ಎಲ್ಲಮ್ಮ ನಿನ್ನ ಮಾದರಿ?" ಎಂದರು.

"ಒಳಗೈತೆ ಸಾರ್. ಟಾರ್ಚು, ಮೊಬೈಲು ಇಲ್ಲೇ ಇಟ್ಟು ಬರ್ಬೇಕು."

ಎಂಜಿನಿಯರು ಮೊಬೈಲು ಆರಿಸಿ ಜೇಬಿಗೆ ಹಾಕಿಕೊಂಡರೇ ಹೊರತು ಕೊಡಲಿಲ್ಲ. ಮೇಷ್ಟ್ರು, ಫೈರೋಜ್, ಉಳಿದ ವಿದ್ಯಾರ್ಥಿಗಳು ಎಲ್ಲರೂ ಒಳಗೆ ಕೂತರು. ಬಾಗಿಲು ಮುಚ್ಚಿತು.

ಏನೂ ಕಾಣಲಿಲ್ಲ. ಮತ್ತಷ್ಟು ಹೊತ್ತು ಕಾದರು. ಆಗಲೂ ಗೋಡೆ ಖಾಲಿಯೇ. ಗಂಗಿ ತಲೆಯೆತ್ತಿ ತೂತನ್ನು ನೋಡಿದಳು. ಹೊರಗೆ ಸೂರ್ಯನಿಗೆ ಮೋಡ ಅಡ್ಡ ಬಂದಿದೆ ಎಂದು ಅವಳಿಗೆ ಅರ್ಥವಾಯಿತು, ಆದರೆ ಮೋಡಕ್ಕೆ ಯಾರು ಹೇಳುವುದು?

"ಏನಮ್ಮ, ಬಾವಲಿ ವಾಸನೆ ಕುಡಿಸೋಕೆ ಕರ್ದ್ಯಾ?" ಎಂದು ಪರಮೇಶಪ್ಪ ಎದ್ದು ನಿಂತರು. ಜೇಬಿಗೆ ಕೈ ಹಾಕಿ ಮೊಬೈಲ್ ತೆಗೆದರು.

"ಬೇಡ ಸಾರ್! ಅದರ ಬೆಳಕು ಬಿದ್ರೆ ಕಣ್ಣು ಮತ್ತೆ ಮೊದಲಿಂದ ಒಗ್ಗಬೇಕು. ದಯವಿಟ್ಟು ಇನ್ನೊಂಚೂರು ಕೂತ್ಕೊಳ್ಳಿ" ಎಂದಳು ಗಂಗಿ. ಅವಳ ದನಿ ನಡುಗುತ್ತಿತ್ತು. ಆ ನಡುಕಕ್ಕೋ ಏನೋ, ಅವಸರದ ಮನುಷ್ಯ ಕೂತರು.

ಮೋಡ ಸರಿಯಿತು.

ಮೊದಲು ಗೋಡೆ ಹಾಲಿನಂತೆ ಬೆಳ್ಳಗಾಯಿತು. ಆಮೇಲೆ ಬಣ್ಣ ಇಳಿಯಿತು. ಎತ್ತಿನ ಗಾಡಿಯೊಂದು ಮಾಡಿನ ಅಂಚಿನಲ್ಲಿ ನಡೆದುಹೋಯಿತು. ಶಾಲೆ ಬಿಟ್ಟ ಮಕ್ಕಳು ಬ್ಯಾಗು ಕುಣಿಸುತ್ತಾ ಓಡಿದರು. ಹೂವಿನ ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನಿಜಗುಣ ಮೇಷ್ಟ್ರು ಕೈಮುಗಿದು ಕೂತಿದ್ದರು.

ಪರಮೇಶಪ್ಪ ಪಿಸುಗುಟ್ಟಿದರು: "ಇದನ್ನ ಯಾರು ಮಾಡಿದ್ದು?"

"ಯಾರೂ ಇಲ್ಲ ಸಾರ್. ಒಂದು ಬೋಲ್ಟು ಬಿದ್ದೋಗೈತೆ, ಅಷ್ಟೇ."

"ನಾನು ಎಷ್ಟು ಸಲ ಈ ಕಟ್ಟಡ ತಪಾಸಣೆ ಮಾಡಿದೀನಿ! ಒಂದು ದಿನಾನೂ ಕಾಣಲಿಲ್ಲವಲ್ಲ?"

"ಟಾರ್ಚ್ ಹಾಕ್ಕೊಂಡು ಬಂದಿರ್ತೀರಿ ಸಾರ್. ನಾನೂ ಹಂಗೇ ಬಂದಿದ್ದೆ."

ಹೊರಗೆ ಬಂದ ಮೇಲೆ ಅವಳು ಒಂದೇ ಹಾಳೆ ಅವರ ಕೈಗಿಟ್ಟಳು. ಮುಂದಿನ ಮೊಗಸಾಲೆಯಲ್ಲಿ ಮಾರುಕಟ್ಟೆಯ ಮಕ್ಕಳಿಗೆ ಓದುವ ಕೋಣೆ, ಕುರ್ಚಿಗಳಿಗೆ ರಿಪೇರಿ, ಬಾಲ್ಕನಿಯ ಬಾವಲಿಗಳಿಗೆ ಹಿತ್ತಲಿನ ಕಡೆಗೆ ದಾರಿ. ರಸ್ತೆ ಬದಿಯ ಗೋಡೆಗೆ ಏನೂ ಇಲ್ಲ. ಅಲ್ಲಿ ರಬ್ಬರಿನಿಂದ ಉಜ್ಜಿದ ಗುರುತು ಮಾತ್ರ ಇತ್ತು.

"ಇಲ್ಲೇನಿತ್ತು?" ಎಂದರು ಪರಮೇಶಪ್ಪ.

"ನಾನು ಎಳೆದಿದ್ರಲ್ಲೇ ಚೆಂದದ ಗೆರೆ ಸಾರ್. ಅಳಿಸಿದೆ."

ಎಂಜಿನಿಯರು ಮತ್ತೆ ಬಾಗಿಲ ಕಡೆ ತಿರುಗಿ, ಮೊಬೈಲನ್ನು ಮೇಷ್ಟ್ರ ಕೈಗೆ ಕೊಟ್ಟು, "ಬಿಸಿಲಿರೋವಾಗ ಇನ್ನೊಂದು ಸಲ ನೋಡ್ಕೊಂಡು ಬರ್ತೀನಿ" ಎಂದು ಒಳಗೆ ಹೋದರು. ಸೋಮವಾರ ಜೆಸಿಬಿ ಬರಲಿಲ್ಲ. ಗಾಡಿ ನಿಲ್ಲಿಸಲು ಬೇರೆ ಜಾಗ ಹುಡುಕಿದರು.

ಈಗ ಮಂಜರಿ ಟಾಕೀಸಿನಲ್ಲಿ ದಿನಾ ಮಧ್ಯಾಹ್ನ ಆಟವಿದೆ. ಹೂವಿನ ಅಜ್ಜಿಯೂ ಒಮ್ಮೆ ಒಳಗೆ ಬಂದು, ತನ್ನ ಖಾಲಿ ಬುಟ್ಟಿ ಮಾಡಿನಿಂದ ನೇತಾಡುವುದನ್ನು ನೋಡಿ ಗಲ್ಲಕ್ಕೆ ಕೈಹಚ್ಚಿಕೊಂಡಳಂತೆ. ಬಾಗಿಲಲ್ಲಿ ಗಂಗಿ ತನ್ನ ಕೈಯಾರೆ ಬರೆದ ಹಲಗೆಯೊಂದು ತೂಗುತ್ತಿದೆ: "ಚಪ್ಪಲಿ ಹೊರಗೆ ಬಿಡಿ. ಬೆಳಕನ್ನೂ ಹೊರಗೇ ಬಿಡಿ."

ನೀತಿ: ಹಳೆಯದನ್ನು ಬದಲಾಯಿಸಲು ಹೊರಡುವ ಮೊದಲು ಅದರ ಮುಂದೆ ಬರಿಗೈಯಲ್ಲಿ, ಸುಮ್ಮನೆ ಕೂತು ನೋಡಬೇಕು. ನಮ್ಮ ಜಾಣತನದ ಬೆಳಕನ್ನು ಒಂದು ಗಳಿಗೆ ಆರಿಸಿದರೆ ಮಾತ್ರ ಅಲ್ಲಿ ಮೊದಲೇ ಇರುವ ಬೆಳಕು ಕಾಣುತ್ತದೆ.